ಟ್ರಕೋಮ ರೋಗದ ರೆಪ್ಪೆಯ ಶಸ್ತ್ರಕ್ರಿಯೆ: ಅದರ ಫಲವಿಚಾರದ ಚರಿತ್ರೆ

ವೈದ್ಯಶಾಸ್ತ್ರದ ಚರಿತ್ರೆಯನ್ನು ಬರೆಯುವವರು ಒಂದು ಚಿಕಿತ್ಸೆಯನ್ನು ಮೊದಲು ಕಂಡುಹಿಡಿದವರು ಯಾರು, ಅದು ಯಾವ ದೇಶದಿಂದ ಯಾವ ದೇಶಕ್ಕೆ ಹರಡಿತು ಎಂಬ ಪ್ರಶ್ನೆಗಳಿಂದ ಸಾಮಾನ್ಯವಾಗಿ ಆರಂಭಿಸುತ್ತಾರೆ. ಆ ಚಿಕಿತ್ಸೆಯನ್ನು ಪಡೆದವರು ಒಂದು ವರ್ಷದ ಮೇಲೆ, ನಾಲ್ಕು ವರ್ಷದ ಮೇಲೆ ಯಾವ ಸ್ಥಿತಿಯಲ್ಲಿದ್ದರು ಎಂಬ ಪ್ರಶ್ನೆ ಅಷ್ಟಾಗಿ ಏಳುವುದಿಲ್ಲ. ಇದಕ್ಕೆ ಕಾರಣವೂ ಉಂಟು. ಮೊದಲನೆಯ ಬಗೆಯ ಪ್ರಶ್ನೆಗೆ ಉತ್ತರ ಗ್ರಂಥಗಳಲ್ಲಿ ದೊರೆಯುತ್ತದೆ. ಎರಡನೆಯದಕ್ಕೆ ಉತ್ತರ ದೊರೆಯಬೇಕಾದರೆ ಯಾರಾದರೂ ರೋಗಿಯ ಮನೆಯವರೆಗೆ ಹೋಗಿ, ನೋಡಿ, ಬರೆದಿಟ್ಟಿರಬೇಕು. ಟ್ರಕೋಮ ರೋಗದಿಂದ ಒಳಮಡಿಸಿದ ಮೇಲ್ರೆಪ್ಪೆಯನ್ನು ಸರಿಪಡಿಸುವ ಶಸ್ತ್ರಕ್ರಿಯೆಯನ್ನು ಉದಾಹರಣೆಯಾಗಿಟ್ಟುಕೊಂಡು ಈ ಎರಡನೆಯ ಪ್ರಶ್ನೆಯನ್ನು ವಿಚಾರಮಾಡುವುದೇ ಈ ಲೇಖನದಲ್ಲಿ ನಮ್ಮ ಉದ್ದೇಶ. ರೆಪ್ಪೆಯನ್ನು ಕೊಯ್ದು ಹೊಲಿಯುವ ಈ ಕ್ರಿಯೆಗೆ ಸುಮಾರು ಎರಡು ಸಾವಿರ ವರ್ಷಗಳ ಲಿಖಿತ ಚರಿತ್ರೆಯಿದೆ. ಒಂದು ವಿಧಾನವನ್ನು ಇನ್ನೊಂದರೊಡನೆ ಕ್ರಮವಾಗಿ ಹೋಲಿಸಿ ಅದರ ಫಲವನ್ನು ಅಳೆದ ಚರಿತ್ರೆಯಾದರೋ ನಾಲ್ಕು ದಶಕಗಳಿಗೂ ಕಡಮೆಯದು. ಈ ಅಂತರ ಹೇಗೆ ಉಂಟಾಯಿತು, ಅದು ತುಂಬಿಬಂದಾಗ ಏನು ತಿಳಿಯಿತು ಎಂಬುದನ್ನು ಮುಂದೆ ನಿರೂಪಿಸುತ್ತೇವೆ.

ಮೊದಲು ರೋಗದ ಸ್ವರೂಪವನ್ನು ಸಂಕ್ಷೇಪವಾಗಿ ಹೇಳುವುದು ಅವಶ್ಯಕ. ಟ್ರಕೋಮ ಎಂಬುದು ಕ್ಲಮಿಡಿಯ ಟ್ರಕೊಮಾಟಿಸ್ ಎಂಬ ಸೂಕ್ಷ್ಮಜೀವಿಯಿಂದ ಬರುವ ಅಂಟುಜಾಡ್ಯ. ನೀರಿನ ಅಭಾವವಿರುವ, ಇಕ್ಕಟ್ಟಾದ ಮನೆಗಳಲ್ಲಿ ಬಾಳುವ ಜನರಲ್ಲಿ ಕೈ, ಬಟ್ಟೆ ಮತ್ತು ನೊಣಗಳ ಮೂಲಕ ಇದು ಮಗುವಿನಿಂದ ಮಗುವಿಗೆ, ಮಗುವಿನಿಂದ ತಾಯಿಗೆ ಹರಡುತ್ತದೆ. ಬಾಲ್ಯದಲ್ಲಿ ಸೋಂಕು ಮತ್ತೆ ಮತ್ತೆ ತಗುಲಿದಾಗ ಮೇಲ್ರೆಪ್ಪೆಯ ಒಳಮೈಯಲ್ಲಿ ಸಣ್ಣ ಗಂಟುಗಳೆದ್ದು, ವರ್ಷಗಳು ಕಳೆದಂತೆ ಆ ಒಳಮೈ ಕಲೆಗಟ್ಟುತ್ತದೆ. ಕಲೆ ಕುಗ್ಗಿದಂತೆಲ್ಲ ರೆಪ್ಪೆಯೊಳಗಿನ ಗಡಸು ಫಲಕ ಬಾಗಿ, ರೆಪ್ಪೆಯ ಅಂಚು ಕಣ್ಣಿನ ಕಡೆಗೆ ಮಡಿಸಿಕೊಳ್ಳುತ್ತದೆ. ರೆಪ್ಪೆಗೂದಲುಗಳು ಕಣ್ಣಿನ ಮುಂಭಾಗದ ಪಾರದರ್ಶಕ ಪಟಲವನ್ನು ಉಜ್ಜತೊಡಗುತ್ತವೆ. ರೆಪ್ಪೆ ಬಡಿದಾಗಲೆಲ್ಲ ನೋವು. ಕಾಲಕ್ರಮದಲ್ಲಿ ಪಟಲವು ಬೆಳ್ಳಗಾಗಿ ಅಂಧತ್ವ. ಹೀಗೆ ಕಳೆದುಹೋದ ದೃಷ್ಟಿಯನ್ನು ಮರಳಿ ತರುವುದು ಬಹು ಕಷ್ಟ. ಆದಕಾರಣ ಪಟಲ ಬೆಳ್ಳಗಾಗುವ ಮೊದಲೇ ಕೂದಲುಗಳ ದಿಕ್ಕನ್ನು ಹೊರಕ್ಕೆ ತಿರುಗಿಸುವುದೇ ಶಸ್ತ್ರಕ್ರಿಯೆಯ ಗುರಿ. ಇದು ಮುಖ್ಯವಾಗಿ ಉಳಿದ ದೃಷ್ಟಿಯನ್ನು ಕಾಯುವ ಚಿಕಿತ್ಸೆಯೇ ಹೊರತು ಹೋದ ದೃಷ್ಟಿಯನ್ನು ಕೊಡುವ ಚಿಕಿತ್ಸೆಯಲ್ಲ. ಮಕ್ಕಳ ಆರೈಕೆಯ ಹೊಣೆ ಹೊತ್ತ ಹೆಂಗಸರಲ್ಲಿ ಈ ವಿಕಾರವು ಗಂಡಸರಲ್ಲಿರುವುದಕ್ಕಿಂತ ಹೆಚ್ಚಾಗಿ ಕಂಡುಬರುತ್ತದೆ ಎಂಬುದನ್ನೂ ಇಲ್ಲಿಯೇ ಹೇಳಿಡಬೇಕು.

ಕಣ್ಣಿಗೆ ಚುಚ್ಚುವ ಕೂದಲಿನ ಉಪದ್ರವವು ಅತ್ಯಂತ ಪ್ರಾಚೀನವಾದುದು. ಕ್ರಿ.ಪೂ. ಸುಮಾರು 1550ರ ಕಾಲದ್ದೆಂದು ಗಣಿಸಲಾದ ಈಜಿಪ್ಟಿನ ಏಬರ್ಸ್ ಪಪೈರಸ್ ಎಂಬ ವೈದ್ಯಗ್ರಂಥದಲ್ಲಿ, ಕಿತ್ತ ರೆಪ್ಪೆಗೂದಲು ಮತ್ತೆ ಬೆಳೆಯದಂತೆ ಹಚ್ಚಬೇಕಾದ ಲೇಪಗಳು ಹೇಳಲ್ಪಟ್ಟಿವೆ. ಆ ಲೇಪಗಳಲ್ಲಿ ಬಾವಲಿಯ ರಕ್ತವೂ ಒಂದು ದ್ರವ್ಯ. ಇಂದು ಅದು ವಿಚಿತ್ರವಾಗಿ ತೋರಬಹುದು. ಆದರೆ ಕಿತ್ತ ಕೂದಲು ಮರಳಿ ಬರುತ್ತದೆಂಬ ಅನುಭವ ಆ ವೈದ್ಯರಿಗಿತ್ತೆಂಬುದಕ್ಕೆ ಆ ಲೇಪವಿಧಿಗಳೇ ಸಾಕ್ಷಿ. ರೋಗದ ಮರುಕಳಿಕೆಯ ಪ್ರಶ್ನೆ ಚಿಕಿತ್ಸೆಯಷ್ಟೇ ಹಳೆಯದು.

ಭಾರತೀಯ ಪರಂಪರೆಯಲ್ಲಿ ಈ ವಿಷಯದ ಮುಖ್ಯ ಆಕರ ಸುಶ್ರುತಸಂಹಿತೆ. ಅದರ ಉತ್ತರತಂತ್ರದ 16ನೆಯ ಅಧ್ಯಾಯವು ಪಕ್ಷ್ಮಕೋಪದ ಚಿಕಿತ್ಸೆಗೇ ಮೀಸಲಾಗಿದೆ. ಪಕ್ಷ್ಮವೆಂದರೆ ರೆಪ್ಪೆಗೂದಲು. ಹುಬ್ಬಿನ ಕೆಳಗಿನಿಂದ ರೆಪ್ಪೆಗೂದಲಿನವರೆಗಿನ ಚರ್ಮವನ್ನು ಮೂರು ಪಾಲಾಗಿ ಭಾವಿಸಿ, ಹುಬ್ಬಿನ ಕಡೆಯ ಎರಡು ಪಾಲನ್ನೂ ಕೂದಲ ಕಡೆಯ ಒಂದು ಪಾಲನ್ನೂ ಬಿಟ್ಟು, ನಡುವೆ ಕಣ್ಣಿನ ಒಂದು ಕೊನೆಯಿಂದ ಇನ್ನೊಂದು ಕೊನೆಯವರೆಗೆ ಜವೆಯ ಕಾಳಿನ ಆಕಾರದಲ್ಲಿ ಚರ್ಮವನ್ನು ತೆಗೆಯಬೇಕೆಂದು ಅಲ್ಲಿ ವಿಧಿಸಿದೆ. ಬಳಿಕ ಕೂದಲಿನಿಂದ ಹೊಲಿಯುವುದು, ಜೇನು ತುಪ್ಪಗಳನ್ನು ಹಚ್ಚುವುದು, ಹಣೆಗೆ ಪಟ್ಟಿ ಕಟ್ಟಿ ಹೊಲಿಗೆಯನ್ನು ಅದಕ್ಕೆ ಬಂಧಿಸುವುದು, ಗಾಯ ಗಟ್ಟಿಯಾದ ಮೇಲೆ ಹೊಲಿಗೆಯ ಕೂದಲುಗಳನ್ನು ಬಿಚ್ಚುವುದು ಇವೆಲ್ಲ ಕ್ರಮವಾಗಿ ಬರುತ್ತವೆ. ಇಷ್ಟರಿಂದ ಶಮನವಾಗದಿದ್ದರೆ ಅಗ್ನಿಯನ್ನೋ ಕ್ಷಾರವನ್ನೋ ಪ್ರಯೋಗಿಸಬೇಕೆಂಬ ಸೂಚನೆಯೂ ಇದೆ.

ನಮ್ಮ ವಿಚಾರಕ್ಕೆ ಈ ಶಸ್ತ್ರಕ್ರಮಕ್ಕಿಂತಲೂ ಮುಖ್ಯವಾದುದು ಅಧ್ಯಾಯದ ಆರಂಭದಲ್ಲಿ ಬರುವ ಒಂದು ಮಾತು. ಆಯುರ್ವೇದವು ರೋಗಗಳನ್ನು ಸಾಧ್ಯ, ಯಾಪ್ಯ, ಅಸಾಧ್ಯ ಎಂದು ವಿಂಗಡಿಸುತ್ತದೆ. ಚಿಕಿತ್ಸೆಯಿಂದ ಪೂರ್ಣವಾಗಿ ಗುಣವಾಗುವುದು ಸಾಧ್ಯ. ಚಿಕಿತ್ಸೆ ನಡೆಯುತ್ತಿರುವವರೆಗೆ ಹತೋಟಿಯಲ್ಲಿದ್ದು, ಬಿಟ್ಟರೆ ತಲೆಯೆತ್ತುವುದು ಯಾಪ್ಯ. ಸುಶ್ರುತಸಂಹಿತೆ ಪಕ್ಷ್ಮಕೋಪವನ್ನು ಯಾಪ್ಯವೆಂದೇ ಕರೆದಿದೆ. ಶಸ್ತ್ರಕ್ರಿಯೆಯನ್ನು ಇಷ್ಟು ವಿವರವಾಗಿ ಹೇಳುವ ಗ್ರಂಥವೇ ಆ ಶಸ್ತ್ರಕ್ರಿಯೆ ರೋಗವನ್ನು ಮುಗಿಸಲಾರದೆಂದೂ ಮೊದಲೇ ಹೇಳಿಬಿಟ್ಟಿರುವುದು ಗಮನಾರ್ಹ.

ಇಲ್ಲಿ ಎರಡು ಎಚ್ಚರಿಕೆಗಳು ಅಗತ್ಯ. ಮೊದಲನೆಯದಾಗಿ, ಸುಶ್ರುತಸಂಹಿತೆಯ ಕಾಲವಿಚಾರದಲ್ಲಿ ವಿದ್ವಾಂಸರಲ್ಲಿ ಮತಭೇದವುಂಟು. ಉತ್ತರತಂತ್ರವು ಮೂಲಗ್ರಂಥಕ್ಕೆ ಆಮೇಲೆ ಸೇರಿದ ಭಾಗವೆಂಬುದು ಬಹುಜನರ ಅಭಿಪ್ರಾಯ. ನೇಪಾಳದಲ್ಲಿರುವ ಕ್ರಿ.ಶ. 878ರ ತಾಳೆಯೋಲೆಯ ಪ್ರತಿ ಈ ಸಂಹಿತೆಯ ಕಾಲನಿರ್ದೇಶವಿರುವ ಅತಿ ಪ್ರಾಚೀನ ಪ್ರತಿಗಳಲ್ಲಿ ಒಂದು. ಎರಡನೆಯದಾಗಿ, ಪಕ್ಷ್ಮಕೋಪವೆಲ್ಲವೂ ಟ್ರಕೋಮದಿಂದ ಬಂದದ್ದೆಂದು ಹೇಳುವಂತಿಲ್ಲ. ರೆಪ್ಪೆ ಒಳಮಡಿಸಲು ಬೇರೆ ಕಾರಣಗಳೂ ಉಂಟು. ಸಾಸಿವೆಯಂತಹ ಗಂಟುಗಳುಳ್ಳದ್ದೆಂದು ವರ್ಣಿತವಾದ ಪೋಥಕೀ ಎಂಬ ರೆಪ್ಪೆಯ ರೋಗವನ್ನು ಈಚಿನ ಹಲವರು ಟ್ರಕೋಮವೆಂದು ಗುರುತಿಸಿದ್ದಾರೆ. ಆದರೆ ಒಂದು ರೋಗ ಇನ್ನೊಂದರ ಪರಿಣಾಮವೆಂಬ ಕಾರ್ಯಕಾರಣಸಂಬಂಧವನ್ನು ನಾವು ಹಿಂದಿನವರ ಬಾಯಲ್ಲಿ ಹಾಕಬಾರದು.

ಪಶ್ಚಿಮದಲ್ಲಿಯೂ ಇದೇ ಕಾಲಘಟ್ಟದ ಆಸುಪಾಸಿನಲ್ಲಿ ಇಂಥದೇ ಕ್ರಿಯೆ ಕಾಣಿಸಿಕೊಳ್ಳುತ್ತದೆ. ಕ್ರಿ.ಶ. 1ನೆಯ ಶತಮಾನದ ರೋಮನ್ ಲೇಖಕ ಸೆಲ್ಸಸ್ ತನ್ನ ವೈದ್ಯಗ್ರಂಥದ 7ನೆಯ ಸಂಪುಟದಲ್ಲಿ ಮೇಲ್ರೆಪ್ಪೆಯ ಚರ್ಮವನ್ನು ಕೊಯ್ದು ಹೊಲಿಯುವ ರೀತಿಯನ್ನು ವಿವರಿಸಿದ್ದಾನೆ. ಚರ್ಮವನ್ನು ಅತಿಯಾಗಿ ತೆಗೆದರೆ ರೆಪ್ಪೆ ಕಣ್ಣನ್ನು ಪೂರ್ಣವಾಗಿ ಮುಚ್ಚಲಾರದೆಂದು ಅವನು ಎಚ್ಚರಿಸುತ್ತಾನೆ. ಮುಚ್ಚದ ಕಣ್ಣು ಒಣಗಿ ಕೆಡುವುದು. ಒಂದು ಅಪಾಯವನ್ನು ತಪ್ಪಿಸಹೋಗಿ ಮತ್ತೊಂದನ್ನು ತಂದಂತಾಗುವುದು. 7ನೆಯ ಶತಮಾನದ ಗ್ರೀಕ್ ವೈದ್ಯ ಈಜಿನಾದ ಪೌಲನೂ 11ನೆಯ ಶತಮಾನದಲ್ಲಿ ಬಾಗ್ದಾದಿನ ನೇತ್ರವೈದ್ಯ ಅಲಿ ಇಬ್ನ್ ಈಸಾನೂ ಈ ವಿದ್ಯೆಯನ್ನು ತಮ್ಮ ಗ್ರಂಥಗಳಲ್ಲಿ ಮುಂದುವರಿಸಿದರು. ಈ ಪ್ರಾಚೀನ ವಿಧಾನಗಳಿಗೆ ಸಮಾನವಾದ ಒಂದು ದೌರ್ಬಲ್ಯವಿದ್ದಿತು. ಅವು ರೆಪ್ಪೆಯ ಹೊರಮೈಯ ಚರ್ಮವನ್ನು ಕುಗ್ಗಿಸಿ ಕೂದಲನ್ನು ಮೇಲಕ್ಕೆ ಎಳೆಯುತ್ತಿದ್ದವು. ರೋಗವಿದ್ದುದಾದರೋ ಒಳಮೈಯಲ್ಲಿ, ಬಾಗಿದ ಫಲಕದಲ್ಲಿ. ಚರ್ಮವು ಕಾಲಕ್ರಮದಲ್ಲಿ ಸಡಿಲವಾದಾಗ ಫಲಕವು ತನ್ನ ಹಳೆಯ ಬಾಗನ್ನು ಮತ್ತೆ ತೋರಿಸುತ್ತಿತ್ತು.

1798ರಿಂದ 1801ರವರೆಗಿನ ಈಜಿಪ್ಟಿನ ಯುದ್ಧದಿಂದ ಹಿಂದಿರುಗಿದ ಫ್ರೆಂಚ್ ಮತ್ತು ಬ್ರಿಟಿಷ್ ಸೈನಿಕರೊಡನೆ ತೀವ್ರವಾದ ನೇತ್ರರೋಗವೊಂದು ಯೂರೋಪಿನಲ್ಲಿ ಹಬ್ಬಿದ ಮೇಲೆ ಅಲ್ಲಿನ ವೈದ್ಯರ ಗಮನ ಈ ಕಡೆಗೆ ಬಲವಾಗಿ ಹರಿಯಿತು. 19ನೆಯ ಶತಮಾನದ ಉತ್ತರಾರ್ಧದಲ್ಲಿ ಹಾಲೆಂಡಿನ ಸ್ನೆಲ್ಲೆನ್, ಪ್ಯಾರಿಸಿನ ಪನಾಸ್ ಮೊದಲಾದವರು ಚರ್ಮವನ್ನು ಬಿಟ್ಟು ಫಲಕಕ್ಕೇ ಕೈಹಚ್ಚಿದರು. ಫಲಕದಲ್ಲಿ ತೋಡು ತೆಗೆಯುವುದು, ಅದನ್ನು ಅಡ್ಡಲಾಗಿ ಕೊಯ್ದು ಅಂಚಿನ ತುಂಡನ್ನು ಹೊರಕ್ಕೆ ತಿರುಗಿಸಿ ಹೊಲಿಯುವುದು ಎಂಬ ಎರಡು ದಾರಿಗಳು ಹೀಗೆ ಬಳಕೆಗೆ ಬಂದವು. ಇಂದಿನ ವಿಧಾನಗಳು ಬಹುಮಟ್ಟಿಗೆ ಎರಡನೆಯ ದಾರಿಯ ಸಂತಾನ.

20ನೆಯ ಶತಮಾನದ ಆರಂಭದಲ್ಲಿ ಈ ಶಸ್ತ್ರಕ್ರಿಯೆ ವೈದ್ಯನ ಕೊಠಡಿಯಿಂದ ಸರ್ಕಾರದ ಕಾರ್ಯಕ್ರಮಕ್ಕೆ ಬಂದಿತು. ಸರ್ ಅರ್ನೆಸ್ಟ್ ಕ್ಯಾಸೆಲ್ ನೀಡಿದ ದಾನದಿಂದ ಈಜಿಪ್ಟಿನಲ್ಲಿ ಸಂಚಾರಿ ನೇತ್ರಾಸ್ಪತ್ರೆಗಳು ಆರಂಭವಾದವು. ಅವನ್ನು ಕಟ್ಟಿ ಬೆಳೆಸಿದವನು ಬ್ರಿಟಿಷ್ ವೈದ್ಯ ಮ್ಯಾಕ್‌ಕ್ಯಾಲನ್. ಡೇರೆಗಳಲ್ಲಿ ನಡೆಯುತ್ತಿದ್ದ ಈ ಆಸ್ಪತ್ರೆಗಳು ಒಂದು ಊರಿನಲ್ಲಿ ಕೆಲವು ಕಾಲವಿದ್ದು ಮುಂದಿನ ಊರಿಗೆ ಸಾಗುತ್ತಿದ್ದವು. ಲಕ್ಷಾಂತರ ಬಡಜನರಿಗೆ ನೇತ್ರಚಿಕಿತ್ಸೆಯನ್ನು ಮೊದಲ ಬಾರಿಗೆ ತಲಪಿಸಿದ ಈ ಏರ್ಪಾಡಿನ ಮಹತ್ವವನ್ನು ಅಲ್ಲಗಳೆಯಲಾಗದು. ಆದರೆ ಡೇರೆ ಎದ್ದುಹೋದ ಮೇಲೆ ಹೊಲಿದ ರೆಪ್ಪೆಯನ್ನು ಮರುವರ್ಷ ನೋಡುವವರಾರು? ಸಾಗುವ ಆಸ್ಪತ್ರೆಗೆ ಎಣಿಸಲು ಸುಲಭವಾದುದು ಮಾಡಿದ ಶಸ್ತ್ರಕ್ರಿಯೆಗಳ ಸಂಖ್ಯೆ. ಕಷ್ಟವಾದುದು ಅವುಗಳ ಫಲ. ಈ ಕೊರತೆ ಮ್ಯಾಕ್‌ಕ್ಯಾಲನ್ನನ ವೈಯಕ್ತಿಕ ದೋಷವಲ್ಲ; ಏರ್ಪಾಡಿನ ಸ್ವಭಾವದಲ್ಲಿಯೇ ಅಡಗಿದ್ದುದೆಂದು ನಮ್ಮ ಅಭಿಪ್ರಾಯ.

ಅದೇ ಮ್ಯಾಕ್‌ಕ್ಯಾಲನ್ 1908ರಲ್ಲಿ ಟ್ರಕೋಮವನ್ನು ನಾಲ್ಕು ಹಂತಗಳಾಗಿ ವಿಂಗಡಿಸಿದನು. ಈ ವಿಂಗಡಣೆ ದೀರ್ಘಕಾಲ ಪ್ರಪಂಚದಾದ್ಯಂತ ಬಳಕೆಯಲ್ಲಿತ್ತು. ಅದರ ನಾಲ್ಕನೆಯ ಹಂತಕ್ಕೆ ಗುಣವಾದ ಟ್ರಕೋಮವೆಂದು ಹೆಸರು. ಉರಿಯೂತ ಅಡಗಿ ಕಲೆ ಮಾತ್ರ ಉಳಿದಿದೆ ಎಂಬುದೇ ಆ ಹೆಸರಿನ ಅರ್ಥ. ಆದರೆ ಕಲೆ ಕುಗ್ಗಿ ರೆಪ್ಪೆ ಒಳಮಡಿಸುವುದು, ಕೂದಲು ಪಟಲವನ್ನು ಉಜ್ಜುವುದು, ಕಣ್ಣು ಹೋಗುವುದು ಇವೆಲ್ಲವೂ ಈ ಗುಣವಾದ ಹಂತದಲ್ಲಿಯೂ ನಡೆಯಬಲ್ಲವು. ರೋಗಾಣುವಿನ ದೃಷ್ಟಿಯಿಂದ ಮುಗಿದುಹೋದ ಕಥೆ ರೋಗಿಯ ದೃಷ್ಟಿಯಿಂದ ಆಗಲೇ ಆರಂಭವಾಗುತ್ತಿರುವುದುಂಟು. ಸುಶ್ರುತಸಂಹಿತೆಯ ಯಾಪ್ಯವೆಂಬ ಪದವನ್ನೂ ಈ ಗುಣವೆಂಬ ಪದವನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ, ಫಲವನ್ನು ಯಾವ ಕ್ಷಣದಲ್ಲಿ ಅಳೆಯಬೇಕೆಂಬುದರಲ್ಲಿಯೇ ವ್ಯತ್ಯಾಸವಿರುವುದು ತಿಳಿಯುತ್ತದೆ.

ಫಲವನ್ನು ಕಾದು ನೋಡದೆ ಶಸ್ತ್ರಕ್ರಿಯೆಯನ್ನು ವ್ಯಾಪಕವಾಗಿ ಹಬ್ಬಿಸಿದರೆ ಏನಾಗುವುದೆಂಬುದಕ್ಕೆ ಅಮೆರಿಕ ಸಂಯುಕ್ತ ಸಂಸ್ಥಾನದ ಒಂದು ಪ್ರಕರಣ ನಿದರ್ಶನ. ಅಲ್ಲಿನ ಮೂಲನಿವಾಸಿಗಳಲ್ಲಿ ಟ್ರಕೋಮ ವ್ಯಾಪಕವಾಗಿದ್ದಿತು. 1924ರಿಂದ 1927ರವರೆಗೆ ಅವರ ಆಡಳಿತ ನಡೆಸುತ್ತಿದ್ದ ಇಲಾಖೆಯು ನೈರುತ್ಯ ಪ್ರದೇಶದಲ್ಲಿ ಒಂದು ದೊಡ್ಡ ಚಳುವಳಿಯನ್ನು ಕೈಗೊಂಡಿತು. ಫಿಲಡೆಲ್ಫಿಯದ ಪ್ರಸಿದ್ಧ ನೇತ್ರವೈದ್ಯ ವೆಬ್‌ಸ್ಟರ್ ಫಾಕ್ಸ್ ಬೋಧಿಸಿದ ಉಗ್ರಕ್ರಮದಂತೆ ರೆಪ್ಪೆಯ ಒಳಮೈಯನ್ನು ಕೆರೆಯುವುದು, ಫಲಕವನ್ನೇ ತೆಗೆದುಹಾಕುವುದು ವ್ಯಾಪಕವಾಗಿ ನಡೆಯಿತು. ಇದು ಕೂದಲನ್ನು ತಿರುಗಿಸುವ ಕ್ರಿಯೆಯಲ್ಲ. ರೋಗವನ್ನೇ ಕೊಯ್ದು ತೆಗೆಯುತ್ತೇವೆಂಬ ಕ್ರಿಯೆ. ರೋಗ ಮರುಕಳಿಸಿತು, ಹಲವರ ರೆಪ್ಪೆಗಳು ವಿಕಾರಗೊಂಡವು, ಆಕ್ಷೇಪಣೆಗಳು ಬಂದ ಮೇಲೆ ಆ ಕ್ರಮವನ್ನು ಕೈಬಿಡಬೇಕಾಯಿತು. 1928ರಲ್ಲಿ ಪ್ರಕಟವಾದ ಮೆರಿಯಮ್ ವರದಿ ಆ ಇಲಾಖೆಯ ಆರೋಗ್ಯಸೇವೆಯನ್ನು ಕಟುವಾಗಿ ವಿಮರ್ಶಿಸಿತು. ಹತ್ತು ವರ್ಷಗಳ ಬಳಿಕ, 1938ರಲ್ಲಿ, ಅದೇ ಇಲಾಖೆಯ ವೈದ್ಯ ಫ್ರೆಡ್ ಲೋ ಎಂಬಾತನು ಸಲ್ಫನಿಲಮೈಡ್ ಎಂಬ ಔಷಧದಿಂದ ಟ್ರಕೋಮ ಉಪಶಮನವಾಗುವುದನ್ನು ಪ್ರಕಟಿಸಿದನು. ಔಷಧ ಮಾಡಬಹುದಾದ ಕೆಲಸಕ್ಕೆ ಕತ್ತಿಯನ್ನು ಹಿಡಿದವರ ರೆಪ್ಪೆಗಳು ಮಾತ್ರ ಮರಳಿ ಬರಲಿಲ್ಲ ಎಂದು ಹೇಳುವಾಗ, ಹಿಡಿದವರೇ ಬೇರೆ, ರೆಪ್ಪೆ ಕಳೆದುಕೊಂಡವರೇ ಬೇರೆ ಎಂಬುದನ್ನು ಸೇರಿಸಲೇಬೇಕು.

1957ರಲ್ಲಿ ಚೀನಾದ ವಿಜ್ಞಾನಿ ಟಾಂಗ್ ಫೈಫಾನ್ ಮತ್ತು ಅವರ ಸಹೋದ್ಯೋಗಿಗಳು ರೋಗಾಣುವನ್ನು ಕೋಳಿಮೊಟ್ಟೆಯಲ್ಲಿ ಬೆಳೆಸಿ ಪ್ರತ್ಯೇಕಿಸಿದುದನ್ನು ಪ್ರಕಟಿಸಿದರು. ನಮ್ಮ ದೇಶದಲ್ಲಿ 1956ರಲ್ಲಿ ಅಲೀಗಢದಲ್ಲಿ ಟ್ರಕೋಮ ನಿಯಂತ್ರಣದ ಪ್ರಾಯೋಗಿಕ ಯೋಜನೆ ಆರಂಭವಾಗಿ, 1963ರಲ್ಲಿ ರಾಷ್ಟ್ರೀಯ ಕಾರ್ಯಕ್ರಮ ಜಾರಿಗೆ ಬಂದಿತು. 1976ರಲ್ಲಿ ಅದು ಅಂಧತ್ವ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ವಿಲೀನವಾಯಿತು. ರೋಗದ ಹಾವಳಿ ಮುಖ್ಯವಾಗಿ ಉತ್ತರ ಮತ್ತು ವಾಯವ್ಯ ಭಾರತದ ಒಣಪ್ರದೇಶಗಳಲ್ಲಿದ್ದು ದಕ್ಷಿಣದಲ್ಲಿ ವಿರಳವಾಗಿದ್ದುದರಿಂದ ಕನ್ನಡದಲ್ಲಿ ಈ ವಿಷಯದ ಬರಹ ಕಡಮೆ. ಈ ಅವಧಿಯಲ್ಲಿ ಔಷಧದ ಚರಿತ್ರೆ ವೇಗವಾಗಿ ಮುನ್ನಡೆಯಿತು. ಶಸ್ತ್ರಕ್ರಿಯೆಯಾದರೋ ಒಂದೊಂದು ದೇಶದಲ್ಲಿ ಒಂದೊಂದು ಗುರುಪರಂಪರೆಯಂತೆ ನಡೆದುಬಂದಿತು: ಉತ್ತರ ಆಫ್ರಿಕದಲ್ಲಿ ಫ್ರೆಂಚ್ ವೈದ್ಯರ ವಿಧಾನಗಳು, ಬೇರೆಡೆಗಳಲ್ಲಿ ಬೇರೆ ವಿಧಾನಗಳು. ಯಾವುದು ಮೇಲೆಂದು ಕೇಳಿದರೆ ತಾನು ಕಲಿತದ್ದೇ ಮೇಲೆಂಬುದು ಸಾಮಾನ್ಯವಾದ ಉತ್ತರವಾಗಿರಬೇಕು.

ಈ ಸ್ಥಿತಿಯನ್ನು ಬದಲಿಸಿದುದು ಒಮಾನ್ ದೇಶದ ಹಳ್ಳಿಗಳಲ್ಲಿ ನಡೆದ ಪರೀಕ್ಷೆ. ಮಾರ್ಕ್ ರೀಚರ್ ಮತ್ತು ಸಂಗಡಿಗರು ಬಳಕೆಯಲ್ಲಿದ್ದ ಹಲವು ವಿಧಾನಗಳನ್ನು ಆಯ್ದು, ಯಾವ ರೋಗಿಗೆ ಯಾವ ವಿಧಾನವೆಂಬುದನ್ನು ವೈದ್ಯನ ಇಚ್ಛೆಗೆ ಬಿಡದೆ ಯದೃಚ್ಛೆಯಿಂದ ಹಂಚಿ, ತಿಂಗಳುಗಳ ಬಳಿಕ ಆ ಕಣ್ಣುಗಳನ್ನು ಮತ್ತೆ ನೋಡಿದರು. ಅವರ ಫಲಿತಾಂಶಗಳು 1990 ಮತ್ತು 1992ರಲ್ಲಿ ಪ್ರಕಟವಾದವು. ಯಶಸ್ಸೆಂದರೇನು ಎಂಬುದನ್ನು ಅವರು ಮೊದಲೇ ನಿಷ್ಕರ್ಷಿಸಿದರು: ನೇರವಾಗಿ ನೋಡುವಾಗ ಒಂದು ಕೂದಲೂ ಕಣ್ಣುಗುಡ್ಡೆಗೆ ತಾಗಬಾರದು, ಮೆಲ್ಲನೆ ಮುಚ್ಚಿದರೆ ರೆಪ್ಪೆಗಳು ಪೂರ್ತಿಯಾಗಿ ಕೂಡಬೇಕು. ಎರಡನೆಯ ನಿಬಂಧನೆಯಲ್ಲಿ ಸೆಲ್ಸಸನ ಹಳೆಯ ಎಚ್ಚರಿಕೆಯೇ ಅಳತೆಗೋಲಾಗಿ ನಿಂತಿರುವುದನ್ನು ಕಾಣಬಹುದು. ಚರ್ಮ, ಫಲಕ ಎರಡನ್ನೂ ಸೇರಿಸಿ ರೆಪ್ಪೆಯನ್ನು ಪೂರ್ಣದಪ್ಪಕ್ಕೆ ಕೊಯ್ದು ಅಂಚನ್ನು ಹೊರಕ್ಕೆ ತಿರುಗಿಸುವ ವಿಧಾನವು ಉಳಿದವುಗಳಿಗಿಂತ ಮೇಲೆಂದು ಕಂಡುಬಂದಿತು. ಇದನ್ನು ನಾವು ಉಭಯಸ್ತರ ವಿಧಾನವೆಂದು ಕರೆಯೋಣ. 1993ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ವಿಧಾನದ ಕೈಪಿಡಿಯನ್ನು ಹೊರತಂದಿತು. ಶಸ್ತ್ರಕ್ರಿಯೆ, ಔಷಧ, ಮುಖದ ಶುಚಿತ್ವ, ಪರಿಸರದ ಸುಧಾರಣೆ ಎಂಬ ನಾಲ್ಕು ಅಂಗಗಳ ಕಾರ್ಯನೀತಿಯೂ ಅದೇ ದಶಕದಲ್ಲಿ ರೂಪುಗೊಂಡಿತು. 2020ರೊಳಗೆ ಟ್ರಕೋಮದಿಂದ ಬರುವ ಅಂಧತ್ವವನ್ನು ಕೊನೆಗಾಣಿಸಬೇಕೆಂಬ ನಿರ್ಣಯವನ್ನು ವಿಶ್ವ ಆರೋಗ್ಯ ಸಭೆ 1998ರಲ್ಲಿ ಕೈಗೊಂಡಿತು.

ಆಫ್ರಿಕದ ಹಳ್ಳಿಗಳಲ್ಲಿ ನೇತ್ರವೈದ್ಯರು ಅತಿ ವಿರಳ. ಆದ್ದರಿಂದ ದಾದಿಯರಿಗೂ ಇತರ ಆರೋಗ್ಯಕಾರ್ಯಕರ್ತರಿಗೂ ತರಬೇತಿ ಕೊಟ್ಟು ಅವರಿಂದಲೇ ಈ ಶಸ್ತ್ರಕ್ರಿಯೆಯನ್ನು ಮಾಡಿಸಲಾಯಿತು. ಇಥಿಯೋಪಿಯದಲ್ಲಿ ನಡೆದು 2004ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯು ನೇತ್ರವೈದ್ಯರ ಫಲಕ್ಕೂ ಇಂತಹ ಕಾರ್ಯಕರ್ತರ ಫಲಕ್ಕೂ ಗಣನೀಯವಾದ ಅಂತರವಿಲ್ಲವೆಂದು ತೋರಿಸಿತು. ಇದು ಸಮಾಧಾನದ ಸುದ್ದಿ. ಆದರೆ ಮರಳಿ ಹೋಗಿ ನೋಡಿದವರು ತಂದ ಎಲ್ಲ ಸುದ್ದಿಯೂ ಹಾಗಿರಲಿಲ್ಲ. ಗ್ಯಾಂಬಿಯದಲ್ಲಿ ಮ್ಯಾಥ್ಯೂ ಬರ್ಟನ್ ಮತ್ತು ಸಂಗಡಿಗರು ನಡೆಸಿ 2005ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಒಂದೇ ವರ್ಷದೊಳಗೆ ಶೇಕಡ 41ರಷ್ಟು ಕಣ್ಣುಗಳಲ್ಲಿ ಕೂದಲು ಮತ್ತೆ ಒಳಕ್ಕೆ ತಿರುಗಿತ್ತು. ಹತ್ತು ಕಣ್ಣುಗಳಲ್ಲಿ ನಾಲ್ಕು ಎಂದರೆ ಇದು ಅಪವಾದವಲ್ಲ. ಲೆಕ್ಕದಲ್ಲಿ ಯಶಸ್ಸೆಂದು ಬರೆಯಲ್ಪಟ್ಟಿರಬಹುದಾದ ಶಸ್ತ್ರಕ್ರಿಯೆಗಳ ನಿಜಸ್ಥಿತಿಯ ಒಂದು ನೋಟ.

ಈ ಮರುಕಳಿಕೆಗೆ ಕಾರಣವೇನು? ಒಂದು ಊಹೆಯೆಂದರೆ ಮತ್ತೆ ತಗುಲಿದ ಸೋಂಕು. ಇಥಿಯೋಪಿಯದ ದಕ್ಷಿಣಭಾಗದಲ್ಲಿ 1452 ರೋಗಿಗಳ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಶಸ್ತ್ರಕ್ರಿಯೆಯೊಡನೆ ಅಜಿಥ್ರೊಮೈಸಿನ್ ಔಷಧವನ್ನು ಒಂದು ಸಲ ನುಂಗಿಸಿದಾಗ ಮರುಕಳಿಕೆ ಮೂರರಲ್ಲೊಂದು ಪಾಲು ತಗ್ಗಿತು. ನೂರು ಜನರನ್ನು ಒಂದು ವರ್ಷ ಗಮನಿಸಿದರೆ ಮರುಕಳಿಕೆ 10.3ರಿಂದ 6.9ಕ್ಕೆ ಇಳಿದಂತಾಯಿತು. ಗ್ಯಾಂಬಿಯದ ಪರೀಕ್ಷೆಯಲ್ಲಿ ಅದೇ ಔಷಧದಿಂದ ಪ್ರಯೋಜನ ಕಾಣಲಿಲ್ಲ. ಗ್ಯಾಂಬಿಯದಲ್ಲಿ ಆ ವೇಳೆಗಾಗಲೇ ಟ್ರಕೋಮದ ಸೋಂಕು ವಿರಳವಾಗಿತ್ತೆಂಬುದನ್ನು ನೆನೆದರೆ ಈ ವಿರೋಧ ಪರಿಹಾರವಾಗುತ್ತದೆ: ಸೋಂಕು ಇಲ್ಲದಿರುವಲ್ಲಿ ಔಷಧಕ್ಕೆ ಕೆಲಸವಿಲ್ಲ, ಆದರೂ ಕಲೆಗಟ್ಟುವಿಕೆ ನಿಲ್ಲುವುದಿಲ್ಲ. ಇನ್ನೊಂದು ಕಾರಣ ಕೈಕೆಲಸದ್ದು. ಕೊಯ್ತ ಚಿಕ್ಕದಾದರೆ, ಹೊಲಿಗೆ ಸಡಿಲವಾದರೆ, ಅಂಚು ಸಾಲದಷ್ಟು ತಿರುಗಿದರೆ ಕೆಲವು ವಾರ ಅಥವಾ ತಿಂಗಳುಗಳಲ್ಲಿಯೇ ರೆಪ್ಪೆ ಮರಳುತ್ತದೆ. ಬೇಗ ಬರುವ ಮರುಕಳಿಕೆಗೆ ಕೈಯ ದೋಷ ಮುಖ್ಯವೆಂದೂ ತಡವಾಗಿ ಬರುವುದಕ್ಕೆ ರೋಗದ ಸ್ವಭಾವ ಮುಖ್ಯವೆಂದೂ ಸ್ಥೂಲವಾಗಿ ಹೇಳಬಹುದು. ಮೊದಲನೆಯದು ತರಬೇತಿಯಿಂದ ತಗ್ಗುತ್ತದೆ. ಎರಡನೆಯದಕ್ಕೆ ಮರಳಿ ಮರಳಿ ನೋಡುವುದೇ ಉಪಾಯ.

ವಿಧಾನದ ಪ್ರಶ್ನೆಯೂ ಒಮಾನಿನಲ್ಲಿ ಮುಗಿಯಲಿಲ್ಲ. ಚರ್ಮವನ್ನು ಮುಟ್ಟದೆ, ರೆಪ್ಪೆಯ ಒಳಮೈಯಿಂದ ಫಲಕವನ್ನು ಮಾತ್ರ ಕೊಯ್ದು ತಿರುಗಿಸುವ ಇನ್ನೊಂದು ವಿಧಾನ ಇಥಿಯೋಪಿಯ ಮೊದಲಾದೆಡೆಗಳಲ್ಲಿ ಬಳಕೆಯಲ್ಲಿತ್ತು. ಎಸ್ಮಾಯೆಲ್ ಹಬ್ತಾಮು ಮತ್ತು ಸಂಗಡಿಗರು 1000 ಇಥಿಯೋಪಿಯನ್ ರೋಗಿಗಳಲ್ಲಿ ಈ ಎರಡನ್ನೂ ಹೋಲಿಸಿ 2016ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ವರ್ಷದೊಳಗೆ ಉಭಯಸ್ತರ ವಿಧಾನದಲ್ಲಿ ಶೇಕಡ 22 ಮಂದಿಗೂ ಒಳಸ್ತರ ವಿಧಾನದಲ್ಲಿ ಶೇಕಡ 13 ಮಂದಿಗೂ ಮರುಕಳಿಸಿತ್ತು. 1993ರಿಂದ ಶಿಫಾರಸು ಮಾಡಲ್ಪಟ್ಟ ವಿಧಾನವೇ ಈ ಹೋಲಿಕೆಯಲ್ಲಿ ಹಿಂದೆ ಬಿದ್ದಿತು. ಪ್ರಮಾಣವೆಂದು ಒಮ್ಮೆ ಸ್ಥಾಪಿತವಾದುದನ್ನೂ ಮತ್ತೆ ಪರೀಕ್ಷೆಗೊಡ್ಡಬೇಕಾಗುತ್ತದೆಂಬುದು ಚರಿತ್ರಕಾರನ ಟಿಪ್ಪಣಿಗೆ ಯೋಗ್ಯವಾದ ಸಂಗತಿ.

ಇಷ್ಟು ಹೇಳಿದ ಮೇಲೆ, ಈ ಶಸ್ತ್ರಕ್ರಿಯೆ ನಿಷ್ಫಲವೆಂಬ ಅಭಿಪ್ರಾಯ ಓದುಗರಲ್ಲಿ ಮೂಡಬಾರದು. ಹಬ್ತಾಮು ಮತ್ತು ಸಂಗಡಿಗರೇ ನಡೆಸಿದ ಇನ್ನೊಂದು ಅಧ್ಯಯನದಲ್ಲಿ, ಶಸ್ತ್ರಕ್ರಿಯೆಯಾದ ವರ್ಷದ ಬಳಿಕ ರೋಗಿಗಳ ಜೀವನದ ಸ್ಥಿತಿ ಸ್ಪಷ್ಟವಾಗಿ ಉತ್ತಮಗೊಂಡಿದ್ದುದು ಕಂಡುಬಂದಿದೆ. ದೃಷ್ಟಿ ಸ್ವಲ್ಪವೂ ಸುಧಾರಿಸದವರಲ್ಲಿಯೂ ಹಾಗೆಯೇ. ನೋವಿಲ್ಲದೆ ರೆಪ್ಪೆ ಬಡಿಯುವುದು, ಬಿಸಿಲಿಗೆ ಮುಖವೊಡ್ಡುವುದು, ಒಲೆಯ ಹೊಗೆಯ ಮುಂದೆ ಕುಳಿತು ಅಡಿಗೆ ಮಾಡುವುದು ಇವು ದೃಷ್ಟಿಪರೀಕ್ಷೆಯ ಹಲಗೆಯಲ್ಲಿ ಕಾಣುವಂಥವಲ್ಲ. ಬಹುಪಾಲು ರೋಗಿಗಳಿಗೆ ಈ ಚಿಕಿತ್ಸೆ ಉಪಕಾರವನ್ನೇ ಮಾಡಿದೆ. ಪ್ರಶ್ನೆಯಿರುವುದು ಉಳಿದವರ ವಿಷಯದಲ್ಲಿ.

ಆ ಉಳಿದವರು ಇಂದಿನ ಗಣನೆಯಲ್ಲಿ ಎಲ್ಲಿ ನಿಲ್ಲುತ್ತಾರೆ? ಒಂದು ದೇಶವು ಟ್ರಕೋಮವನ್ನು ಸಾರ್ವಜನಿಕ ಆರೋಗ್ಯದ ಸಮಸ್ಯೆಯಾಗಿ ಕೊನೆಗಾಣಿಸಿದೆಯೆಂದು ವಿಶ್ವ ಆರೋಗ್ಯ ಸಂಸ್ಥೆ ಮಾನ್ಯಮಾಡಲು ಕೆಲವು ಮಿತಿಗಳಿವೆ. ರೋಗವಿದ್ದ ಪ್ರದೇಶಗಳಲ್ಲಿ 1ರಿಂದ 9 ವರ್ಷದ ಮಕ್ಕಳಲ್ಲಿ ಸಕ್ರಿಯ ರೋಗ ಶೇಕಡ 5ಕ್ಕಿಂತ ಕಡಮೆಯಿರಬೇಕು. 15 ವರ್ಷ ಮೀರಿದವರಲ್ಲಿ, ಆರೋಗ್ಯವ್ಯವಸ್ಥೆಗೆ ತಿಳಿಯದಿರುವ ಒಳಗೂದಲಿನ ರೋಗಿಗಳು ಶೇಕಡ 0.2ಕ್ಕಿಂತ ಕಡಮೆಯಿರಬೇಕು. ತಿಳಿಯದಿರುವ ಎಂಬ ವಿಶೇಷಣವನ್ನು ಗಮನಿಸಬೇಕು. ಶಸ್ತ್ರಕ್ರಿಯೆಯಾಗಿ ಮತ್ತೆ ಕೂದಲು ತಿರುಗಿದವರು, ಶಸ್ತ್ರಕ್ರಿಯೆ ಬೇಡವೆಂದವರು, ಅದಕ್ಕಾಗಿ ಕಾಯುತ್ತಿರುವವರು ಇವರೆಲ್ಲ ವ್ಯವಸ್ಥೆಗೆ ತಿಳಿದವರಾದುದರಿಂದ ಈ ಎಣಿಕೆಗೆ ಸೇರುವುದಿಲ್ಲ. ಇದಕ್ಕೆ ಸಮಂಜಸವಾದ ಕಾರಣವಿದೆ: ಹೊಸ ರೋಗಿಗಳನ್ನು ಹುಡುಕಿ ತರುವ ಶಕ್ತಿ ವ್ಯವಸ್ಥೆಗೆ ಇದೆಯೇ ಎಂಬುದನ್ನು ಅಳೆಯುವ ಮಾನವಿದು. ಇಂತಹ ರೋಗಿಗಳನ್ನು ಮುಂದೆಯೂ ನೋಡಿಕೊಳ್ಳುವ ಏರ್ಪಾಡು ಇರಬೇಕೆಂಬ ನಿಬಂಧನೆಯೂ ಜೊತೆಗಿದೆ. ಆದರೂ ಒಮ್ಮೆ ಕತ್ತಿಗೆ ರೆಪ್ಪೆಯೊಡ್ಡಿ, ನಂಬಿ ಮನೆಗೆ ಹೋಗಿ, ಮತ್ತೆ ಚಿಮುಟದಿಂದ ಕೂದಲು ಕೀಳುತ್ತ ಕುಳಿತ ಹೆಂಗಸು ಅಂತಿಮಸಂಖ್ಯೆಯಲ್ಲಿ ಕಾಣುವುದಿಲ್ಲವೆಂಬುದು ಉಳಿದೇ ಉಳಿಯುತ್ತದೆ.

ಒಮಾನ್ 2012ರಲ್ಲಿ ಈ ಮಾನ್ಯತೆಯನ್ನು ಪಡೆದ ಮೊದಲ ದೇಶವಾಯಿತು. ಗ್ಯಾಂಬಿಯ 2021ರಲ್ಲಿ ಪಡೆಯಿತು. ಭಾರತದಲ್ಲಿ 2021ರಿಂದ 2024ರವರೆಗೆ ಹಿಂದೆ ರೋಗವಿದ್ದ 200 ಜಿಲ್ಲೆಗಳಲ್ಲಿ ಒಳಗೂದಲಿನ ಸಮೀಕ್ಷೆ ನಡೆದು, 2024ರ ಅಕ್ಟೋಬರಿನಲ್ಲಿ ಮಾನ್ಯತೆ ದೊರೆಯಿತು. ಇದು ಹೆಮ್ಮೆಪಡಬೇಕಾದ ಸಾಧನೆ. ಆದರೆ ಬಾಲ್ಯದಲ್ಲಿ ಕಲೆಗಟ್ಟಿದ ರೆಪ್ಪೆ ಮುಪ್ಪಿನಲ್ಲಿ ಮಡಿಸುತ್ತದೆ. ಸೋಂಕು ನಿಂತ ಮೇಲೆಯೂ ಹಲವು ದಶಕಗಳ ಕಾಲ ಹೊಸ ರೋಗಿಗಳು ಬರುತ್ತಿರುವರು; ಶಸ್ತ್ರಕ್ರಿಯೆಯಾದವರಲ್ಲಿ ಕೆಲವರಿಗೆ ಮತ್ತೆ ಬೇಕಾಗುವುದು. ರೋಗ ಹೋಯಿತೆಂದು ಸಾರಿದ ಮೇಲೆ ಈ ಶಸ್ತ್ರಕ್ರಿಯೆಯನ್ನು ಬಲ್ಲ ಕೈಗಳು ಉಳಿಯುವಂತೆ ನೋಡಿಕೊಳ್ಳುವುದು ಮುಂದಿನ ಕಾಲದ ಹೊಣೆ.

ಈ ವಿಚಾರದಿಂದ ನಾವು ತಲಪುವ ನಿರ್ಣಯ ಇಷ್ಟು. ಈ ಶಸ್ತ್ರಕ್ರಿಯೆಯ ಚರಿತ್ರೆಯಲ್ಲಿ ಕೊರತೆಯಾದುದು ಕೌಶಲವೊಂದೇ ಅಲ್ಲ. ಕೊಯ್ದ ಮೇಲೆ ಮರಳಿ ಬಂದು ನೋಡುವ ಪದ್ಧತಿ. ಆ ಪದ್ಧತಿ ಬಂದಾಗಲೆಲ್ಲ ವಿಧಾನವೂ ಸುಧಾರಿಸಿತು. ಸಂಖ್ಯೆಯನ್ನೇ ಫಲವೆಂದು ತಿಳಿದಾಗ ರೋಗಿ ಕಣ್ಮರೆಯಾದನು. ಯಾಪ್ಯವೆಂಬ ಪದದಲ್ಲಿ ಚಿಕಿತ್ಸಕನಿಗೆ ಹೇಳಿದ ಒಂದು ಕರ್ತವ್ಯವೂ ಅಡಗಿದೆ: ಮುಗಿಯದ ರೋಗಕ್ಕೆ ಮುಗಿಯದ ಆರೈಕೆ ಸಲ್ಲಬೇಕು. ಉತ್ತರಭಾರತದ ಜಿಲ್ಲಾ ಆಸ್ಪತ್ರೆಗಳ ಹಳೆಯ ಶಸ್ತ್ರಕ್ರಿಯಾ ದಾಖಲೆಪುಸ್ತಕಗಳು ಇನ್ನೂ ಎಲ್ಲಿಯಾದರೂ ಉಳಿದಿದ್ದರೆ, 1963ರಿಂದೀಚೆಗೆ ಯಾವ ವಿಧಾನದಲ್ಲಿ ಯಾರ ರೆಪ್ಪೆಗಳನ್ನು ಕೊಯ್ಯಲಾಯಿತು, ಅವರಲ್ಲಿ ಎಷ್ಟು ಮಂದಿ ಎರಡನೆಯ ಸಲ ಬಂದರು ಎಂಬುದನ್ನು ಅವುಗಳಿಂದ ಹೊರತೆಗೆಯಬಹುದು. ಆ ಪುಸ್ತಕಗಳು ಗೆದ್ದಲಿಗೆ ಆಹಾರವಾಗುವ ಮುನ್ನ ಯಾರಾದರೂ ತರುಣ ಸಂಶೋಧಕರು ಈ ಕಾರ್ಯವನ್ನು ಕೈಗೊಳ್ಳಲೆಂದು ಹಾರೈಸಿ ಲೇಖನವನ್ನು ಮುಗಿಸುತ್ತೇವೆ.